ಹಿಮವಿಲ್ಲದ ನಾಡಿಗೆ ಬಂದ ಹಿಮದ ಚಿತ್ರಗಳು

ಡಿಸೆಂಬರ ತಿಂಗಳ ಕೊನೆಯ ವಾರದಲ್ಲಿ ಧಾರವಾಡದ ಮೂಡಲ ದಿಕ್ಕಿನ ಎರೆಹೊಲಗಳಲ್ಲಿ ಬಿಳಿಜೋಳ ತೆನೆ ಹೊತ್ತು ನಿಂತಿರುತ್ತದೆ. ಮುಂಜಾನೆ ಮೈ ನಡುಗಿಸುವಷ್ಟು ಚಳಿ. ಮಧ್ಯಾಹ್ನಕ್ಕೆ ನೆರಳನ್ನು ಅರಸುವಷ್ಟು ಬಿಸಿಲು. ಇಲ್ಲಿ ಹಿಮ ಬಿದ್ದುದನ್ನು ಕಂಡವರಿಲ್ಲ. ಆದರೂ ನೂರು ವರ್ಷಗಳ ಹಿಂದೆ ಹುಬ್ಬಳ್ಳಿಯ ನಿಲ್ದಾಣದಲ್ಲಿ ಇಳಿಯುತ್ತಿದ್ದ ಟಪಾಲು ಚೀಲಗಳಲ್ಲಿ ಪ್ರತಿವರ್ಷವೂ ಹಿಮ ಬರುತ್ತಿತ್ತು. ಅಂಗೈಯಗಲದ ದಪ್ಪ ಕಾಗದದ ಮೇಲೆ ಹಿಮ ಹೊದ್ದ ಚರ್ಚಿನ ಗೋಪುರ, ಹಿಮದಲ್ಲಿ ಹೆಜ್ಜೆಯೂರಿ ನಡೆಯುವ ಬಿಳಿಗಡ್ಡದ ಮುದುಕ, ಒಣ ಕೊಂಬೆಯ ಮೇಲೆ ಕುಳಿತ ಕೆಂಪೆದೆಯ ಪುಟ್ಟ ಹಕ್ಕಿ! ಇವೇ ಕ್ರಿಸ್‌ಮಸ್ ಹಬ್ಬದ ಚಿತ್ರಕಾರ್ಡುಗಳು.

ಅಂದು ಅವುಗಳ ಬೆಲೆ ಕೆಲವೇ ಕಾಸು. ಓದಿದ ಮೇಲೆ ಕೆಲವರು ಎಸೆದರು. ಕೆಲವರು ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿದರು. ಕೆಲವರು ಪುಸ್ತಕದ ನಡುವೆ ಗುರುತಿಗಾಗಿ ಇಟ್ಟು ಮರೆತರು. ಹಾಗೆ ಮರೆತವೇ ಇಂದು ಉಳಿದಿವೆ. ಜಗತ್ತಿನ ಹಲವು ದೇಶಗಳಲ್ಲಿ ಇಂಥ ಕಾರ್ಡುಗಳನ್ನು ಹುಡುಕಿ, ಹೊಂದಿಸಿ, ಕಾಪಾಡುವುದು ಒಂದು ದೊಡ್ಡ ಹವ್ಯಾಸವಾಗಿ ಬೆಳೆದಿದೆ. ಕಾರ್ಡು ಸಂಗ್ರಹದ ಈ ವಿದ್ಯೆಗೆ ‘ಡೆಲ್ಟಿಯಾಲಜಿ’ ಎಂಬ ಹೆಸರೂ ಇದೆ. ಗ್ರೀಕ್ ಭಾಷೆಯಲ್ಲಿ ‘ಡೆಲ್ಟಿಯೋನ್’ ಎಂದರೆ ಬರೆಯುವ ಚಿಕ್ಕ ಹಲಗೆ. ಹೆಸರು ಕಠಿಣವಾಗಿದ್ದರೂ ಹವ್ಯಾಸ ಕಠಿಣವಾದುದಲ್ಲ. ಅಜ್ಜಿಯ ಟ್ರಂಕು, ರದ್ದಿ ಅಂಗಡಿಯ ಗಂಟು, ಹಳೆಯ ಬೈಬಲಿನ ಹಾಳೆಗಳ ಸಂದು, ಇವೇ ಅದರ ಗಣಿಗಳು.

೧೮೪೩: ಒಂದೇ ವರ್ಷ, ಎರಡು ಹುಟ್ಟು

ಕ್ರಿಸ್‌ಮಸ್ ಕಾರ್ಡಿನ ಕಥೆ ಸೋಮಾರಿತನದಿಂದಲ್ಲ, ಕೆಲಸದ ಒತ್ತಡದಿಂದ ಆರಂಭವಾಯಿತು. ಲಂಡನ್ನಿನ ಹೆನ್ರಿ ಕೋಲ್ ಎಂಬ ಗೃಹಸ್ಥನು ಸರಕಾರಿ ಕೆಲಸಗಳಲ್ಲಿ ಮುಳುಗಿದ್ದವನು. ಅಲ್ಲಿ ೧೮೪೦ರಲ್ಲಿ ಒಂದು ಪೆನ್ನಿಗೆ ದೇಶದ ಯಾವ ಮೂಲೆಗಾದರೂ ಪತ್ರ ಕಳುಹಿಸುವ ವ್ಯವಸ್ಥೆ ಜಾರಿಗೆ ಬಂದಿತ್ತು; ಅದನ್ನು ತರುವಲ್ಲಿ ಕೋಲನ ಶ್ರಮವೂ ಇತ್ತು. ಟಪಾಲು ಅಗ್ಗವಾದೊಡನೆ ಹಬ್ಬಕ್ಕೆ ಪತ್ರಗಳ ಮಳೆ ಸುರಿಯಿತು. ಬಂದ ಪತ್ರಕ್ಕೆ ಉತ್ತರ ಬರೆಯದಿರುವುದು ಅಸಭ್ಯತನ. ಎಲ್ಲರಿಗೂ ಬರೆಯಲು ಹೊತ್ತಿಲ್ಲ. ತಾನೇ ನೆಟ್ಟ ಮರದ ನೆರಳು ತನಗೇ ಭಾರವಾದಂತಾಯಿತು! ಆಗ ಆತನು ಜಾನ್ ಕ್ಯಾಲ್ಕಾಟ್ ಹಾರ್ಸ್ಲಿ ಎಂಬ ಚಿತ್ರಕಾರ ಮಿತ್ರನಿಂದ ಒಂದು ಚಿತ್ರ ಬರೆಯಿಸಿ, ಕಲ್ಲಚ್ಚಿನಲ್ಲಿ ಮುದ್ರಿಸಿ, ಕೈಯಿಂದ ಬಣ್ಣ ತುಂಬಿಸಿದನು. ಸುಮಾರು ಒಂದು ಸಾವಿರ ಪ್ರತಿಗಳು. ತಾನು ಬಳಸಿ ಉಳಿದವನ್ನು ಒಂದೊಂದು ಶಿಲಿಂಗಿಗೆ ಮಾರಾಟಕ್ಕಿಟ್ಟನು.

ಆ ಚಿತ್ರದಲ್ಲಿ ಮೂರು ತಲೆಮಾರಿನ ಒಂದು ಕುಟುಂಬ ಊಟದ ಮೇಜಿನ ಸುತ್ತ ಕುಳಿತು, ಪಾನಪಾತ್ರೆಗಳನ್ನೆತ್ತಿ ನೋಡುಗನಿಗೇ ಶುಭ ಕೋರುತ್ತದೆ. ಎರಡು ಬದಿಗಳಲ್ಲಿ ಬಡವರಿಗೆ ಅನ್ನವಸ್ತ್ರ ಕೊಡುವ ದೃಶ್ಯಗಳಿವೆ. ಮಗುವಿನ ತುಟಿಗೆ ದ್ರಾಕ್ಷಾರಸ ಹಿಡಿದ ಚಿತ್ರವನ್ನು ಕಂಡು ಪಾನವಿರೋಧಿಗಳು ಆಕ್ಷೇಪವೆತ್ತಿದರು. ಒಂದು ಶಿಲಿಂಗಿನ ಈ ಕಾರ್ಡುಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ ಉಳಿದಿವೆ. ಅವುಗಳಲ್ಲೊಂದು ೨೦೦೧ರಲ್ಲಿ ಇಂಗ್ಲೆಂಡಿನ ಹರಾಜೊಂದರಲ್ಲಿ ೨೦,೦೦೦ ಪೌಂಡುಗಳಿಗೂ ಹೆಚ್ಚಿಗೆ ಮಾರಾಟವಾಯಿತು.

ಕನ್ನಡಿಗರಿಗೆ ೧೮೪೩ ಇನ್ನೊಂದು ಕಾರಣಕ್ಕಾಗಿ ಸ್ಮರಣೀಯವಾದ ವರ್ಷ. ಅದೇ ವರ್ಷದ ಜುಲೈ ತಿಂಗಳಲ್ಲಿ ಹರ್ಮನ್ ಮೋಗ್ಲಿಂಗ್ ಅವರು ಮಂಗಳೂರಿನಿಂದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. ಅದು ಕನ್ನಡದ ಮೊದಲ ವೃತ್ತಪತ್ರಿಕೆ. ಅದೂ ಕಲ್ಲಚ್ಚಿನಲ್ಲಿಯೇ ಮುದ್ರಣಗೊಂಡಿತು. ಲಂಡನ್ನಿನಲ್ಲಿ ಹಬ್ಬದ ಕಾರ್ಡು, ಮಂಗಳೂರಿನಲ್ಲಿ ಕನ್ನಡದ ಸುದ್ದಿ: ಎರಡಕ್ಕೂ ತಾಯಿಯಾದುದು ನುಣುಪಾದ ಒಂದು ಸುಣ್ಣದಕಲ್ಲು.

ಆ ಕಲ್ಲಿನ ಗುಟ್ಟು ಸರಳವಾದುದು. ಎಣ್ಣೆ ಮತ್ತು ನೀರು ಒಂದಕ್ಕೊಂದು ಒಗ್ಗವು. ನಯಗೊಳಿಸಿದ ಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರ ಬರೆದು ಕಲ್ಲನ್ನು ನೆನೆಸಿದರೆ, ಬರೆದ ಕಡೆ ನೀರು ನಿಲ್ಲದು; ಬರೆಯದ ಕಡೆ ಶಾಯಿ ಹತ್ತದು. ಜರ್ಮನಿಯ ಸೆನೆಫೆಲ್ಡರ್ ಎಂಬಾತನು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಈ ವಿಧಾನವನ್ನು ಕಂಡುಹಿಡಿದನು. ಬಣ್ಣದ ಚಿತ್ರವಾದರೆ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು ಬೇಕು. ಒಳ್ಳೆಯ ಕಾರ್ಡೊಂದಕ್ಕೆ ಹತ್ತು ಹನ್ನೆರಡು ಕಲ್ಲುಗಳು ಬೇಕಾಗುತ್ತಿದ್ದವು. ಒಂದೇ ಹಾಳೆ ಅಷ್ಟು ಸಾರಿ ಯಂತ್ರದೊಳಗೆ ಹೋಗಿ ಬರಬೇಕು. ಒಮ್ಮೆಯೂ ಕೂದಲೆಳೆಯಷ್ಟು ಸರಿಯಬಾರದು. ಈ ಕೆಲಸದಲ್ಲಿ ಜರ್ಮನರನ್ನು ಮೀರಿಸಿದವರಿಲ್ಲ. ಆದುದರಿಂದ ೧೯೧೪ರ ಮೊದಲು ಇಂಗ್ಲೆಂಡ್, ಅಮೇರಿಕಗಳ ಅಂಗಡಿಗಳಲ್ಲಿ ಮಾರಾಟವಾದ ಹಬ್ಬದ ಕಾರ್ಡುಗಳಲ್ಲಿ ಬಹು ದೊಡ್ಡ ಪಾಲು ಜರ್ಮನಿಯಲ್ಲಿ ಅಚ್ಚಾದುದೇ ಆಗಿತ್ತು.

ಲಕೋಟೆಯಿಂದ ಹೊರಗೆ ಬಂದ ಪತ್ರ

ಮೊದಲ ಕಾರ್ಡುಗಳು ಲಕೋಟೆಯಲ್ಲಿ ಹೋಗುವಂಥವು. ಬಯಲಾಗಿ ಹೋಗುವ ಕಾರ್ಡನ್ನು ಮೊದಲು ಹೊರಡಿಸಿದುದು ಆಸ್ಟ್ರಿಯಾ-ಹಂಗೆರಿ. ದಿನಾಂಕ ಅಕ್ಟೋಬರ ೧, ೧೮೬೯. ಮರುವರ್ಷ ಅದೇ ದಿನ ಬ್ರಿಟನ್ ಅದನ್ನು ಅನುಸರಿಸಿತು. ಭಾರತದಲ್ಲಿ ೧೮೭೯ರ ಜುಲೈ ೧ರಂದು ಕಾಲಾಣೆಯ ಕಾರ್ಡು ಬಂದಿತು. ಮನೆಯ ಮಾತನ್ನು ಟಪಾಲಿನವನು ಓದಿಬಿಟ್ಟರೇನು ಗತಿ ಎಂದು ಎಲ್ಲ ದೇಶಗಳಲ್ಲಿಯೂ ಸಂಭಾವಿತರು ಮೂಗು ಮುರಿದರು. ಆದರೆ ಕಾಲಾಣೆಯ ಆಕರ್ಷಣೆ ಮಾನದ ಭಯವನ್ನು ಗೆದ್ದಿತು.

ಚಿತ್ರವುಳ್ಳ ಕಾರ್ಡುಗಳು ಭಾರತದಲ್ಲಿ ಬಳಕೆಗೆ ಬಂದುದು ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ. ಆಗ ಒಂದು ವಿಚಿತ್ರ ನಿಯಮವಿತ್ತು. ಕಾರ್ಡಿನ ಒಂದು ಮಗ್ಗುಲು ಪೂರ್ತಿಯಾಗಿ ವಿಳಾಸಕ್ಕೇ ಮೀಸಲು. ಬರೆಯುವುದೇನಿದ್ದರೂ ಚಿತ್ರದ ಅಂಚಿನಲ್ಲಿಯೇ ಬರೆಯಬೇಕು. ಅದಕ್ಕಾಗಿಯೇ ಅತಿ ಹಳೆಯ ಕಾರ್ಡುಗಳಲ್ಲಿ ಆಕಾಶದ ಮೇಲೆ, ಹಿಮದ ಮೇಲೆ, ಒಮ್ಮೊಮ್ಮೆ ದೇವದೂತನ ರೆಕ್ಕೆಯ ಮೇಲೂ ಇರುವೆ ಸಾಲಿನಂಥ ಅಕ್ಷರಗಳಿರುತ್ತವೆ. ಹಿಂಬದಿಯ ನಡುವೆ ಗೆರೆಯೆಳೆದು ಎಡಕ್ಕೆ ಒಕ್ಕಣೆ, ಬಲಕ್ಕೆ ವಿಳಾಸ ಎಂದು ವಿಂಗಡಿಸಲು ಬ್ರಿಟನ್ ೧೯೦೨ರಲ್ಲಿ, ಫ್ರಾನ್ಸ್ ೧೯೦೪ರಲ್ಲಿ, ಜರ್ಮನಿ ೧೯೦೫ರಲ್ಲಿ, ಅಮೇರಿಕ ೧೯೦೭ರಲ್ಲಿ ಒಪ್ಪಿದವು. ಸಂಗ್ರಾಹಕನಿಗೆ ಆ ಒಂದು ಗೆರೆ ಜನ್ಮಕುಂಡಲಿಯಿದ್ದಂತೆ.

ಕೆಂಪೆದೆಯ ಹಕ್ಕಿಯ ಸಂಗತಿಯೂ ಸ್ವಾರಸ್ಯವಾಗಿದೆ. ಅದರ ಹೆಸರು ರಾಬಿನ್. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಲಂಡನ್ನಿನ ಟಪಾಲಿನವರು ಕೆಂಪು ಕೋಟು ತೊಡುತ್ತಿದ್ದರು. ಜನ ಅವರನ್ನು ರಾಬಿನ್ ಎಂದು ಅಡ್ಡಹೆಸರಿನಿಂದ ಕರೆದರು. ಚಿತ್ರಕಾರರು ಆ ಅಡ್ಡಹೆಸರನ್ನೇ ಹಕ್ಕಿಯಾಗಿಸಿ, ಅದರ ಕೊಕ್ಕಿನಲ್ಲಿ ಪತ್ರವಿಟ್ಟರು. ಹೀಗೆ ಕಾರ್ಡಿನ ಮೇಲೆ ಕುಳಿತಿರುವ ಹಕ್ಕಿ ನಿಜವಾಗಿ ನೋಡಿದರೆ ಮನೆಬಾಗಿಲಿಗೆ ಬಂದ ಟಪಾಲಿನವನೇ!

ಧಾರವಾಡ ಮತ್ತು ಬಾಸೆಲ್: ಎರಡು ದಿಕ್ಕಿನ ದಾರಿ

ಈ ಕಾರ್ಡುಗಳು ಧಾರವಾಡದ ಸೀಮೆಗೆ ಬರಲು ಎರಡು ಕಾರಣಗಳಿದ್ದವು. ಒಂದು ಮಿಷನ್, ಇನ್ನೊಂದು ರೇಲ್ವೆ.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಿಂದ ಹೊರಟ ಮಿಷನರಿಗಳು ೧೮೩೪ರಲ್ಲಿ ಮಂಗಳೂರಿಗೆ ಬಂದರು. ೧೮೩೭ರಲ್ಲಿ ಧಾರವಾಡದಲ್ಲಿಯೂ ೧೮೩೯ರಲ್ಲಿ ಹುಬ್ಬಳ್ಳಿಯಲ್ಲಿಯೂ ನೆಲೆಯೂರಿದರು. ಮುಂದೆ ಗದಗ-ಬೆಟಗೇರಿಗೂ ಹಬ್ಬಿದರು. ಶಾಲೆ, ಮುದ್ರಣ, ನೇಯ್ಗೆ, ಹಂಚಿನ ಕೈಗಾರಿಕೆ ಮುಂತಾದ ಅವರ ಕಾರ್ಯಗಳನ್ನು ಕನ್ನಡಿಗರು ಬಲ್ಲರು. ೧೮೫೩ರಲ್ಲಿ ಭಾರತಕ್ಕೆ ಬಂದು ಧಾರವಾಡದಲ್ಲಿ ಕನ್ನಡದ ಅಭ್ಯಾಸಕ್ಕೆ ತೊಡಗಿದ ಫರ್ಡಿನಾಂಡ್ ಕಿಟೆಲ್ ಅವರು ೧೮೯೪ರಲ್ಲಿ ಸುಮಾರು ೭೦,೦೦೦ ಶಬ್ದಗಳ ಮಹಾಕೋಶವನ್ನು ನಾಡಿಗಿತ್ತರು. ಇವರಲ್ಲಿ ಹಲವರ ತಾಯ್ನಾಡು ಜರ್ಮನಿಯ ವುರ್ಟೆಂಬರ್ಗ್ ಪ್ರಾಂತ. ಬಣ್ಣದ ಕಾರ್ಡುಗಳ ಮುದ್ರಣ ಪರಾಕಾಷ್ಠೆಗೇರಿದ ದೇಶವೂ ಅದೇ. ಮನೆಯಿಂದ ಬಂದ ಹಬ್ಬದ ಕಾರ್ಡು ಮಿಷನರಿಯ ಮೇಜಿನಿಂದ ಶಾಲೆಯ ಗೋಡೆಗೂ, ಅಲ್ಲಿಂದ ಕ್ರೈಸ್ತ ಕುಟುಂಬಗಳ ಪಡಸಾಲೆಗೂ ನಡೆದುಬರುವುದು ಸಹಜವೇ ಆಗಿತ್ತು.

ಆದರೆ ದಾರಿ ಒಂದೇ ದಿಕ್ಕಿನದಾಗಿರಲಿಲ್ಲ. ಇಲ್ಲಿಯ ಗುಡಿ, ಸಂತೆ, ನೇಕಾರರ ಮಗ್ಗ, ಶಾಲೆಯ ಮಕ್ಕಳು, ನೀರು ಹೊತ್ತ ಹೆಂಗಸರು, ಇವರೆಲ್ಲರ ಛಾಯಾಚಿತ್ರಗಳು ಯೂರೋಪಕ್ಕೆ ಹೋಗಿ, ಅಲ್ಲಿ ಕಾರ್ಡುಗಳಾಗಿ ಅಚ್ಚಾಗಿ, ಮಿಷನ್ನಿನ ಬೆಂಬಲಿಗರ ಮನೆಗಳಲ್ಲಿ ಹಂಚಿಹೋದವು. ಹಿಮ ಕಾಣದ ಊರಿಗೆ ಹಿಮ ಬಂದಂತೆಯೇ, ಜೋಳ ಕಾಣದ ಊರಿಗೆ ಜೋಳದ ರಾಶಿಯ ನಾಡಿನ ಚಿತ್ರ ಹೋಯಿತು. ಇಂಥ ಸಾವಿರಾರು ಚಿತ್ರಗಳು ಬಾಸೆಲ್ ನಗರದ ಮಿಷನ್ ಭವನದ ದಾಖಲೆಸಂಗ್ರಹದಲ್ಲಿ ಇಂದಿಗೂ ಸುರಕ್ಷಿತವಾಗಿವೆ. ೨೦೦೧ರಿಂದ ಆ ಸಂಸ್ಥೆಗೆ ‘ಮಿಷನ್ ೨೧’ ಎಂಬ ಹೆಸರು. ಸಂಗ್ರಹದ ಬಹುಭಾಗವನ್ನು ಅಂತರ್ಜಾಲದ ಮೂಲಕ ಹುಬ್ಬಳ್ಳಿಯ ಮನೆಯಲ್ಲಿ ಕುಳಿತವರೂ ನೋಡಬಹುದಾಗಿದೆ. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿಯೂ ಮಿಷನ್ ಕಾಲದ ಗ್ರಂಥಗಳು, ಕಾಗದಪತ್ರಗಳು ಇವೆ.

ಈ ಕಾರ್ಡುಗಳನ್ನು ನೋಡುವಾಗ ಒಂದು ಕೊರತೆ ಮನಸ್ಸಿಗೆ ತಟ್ಟದೆ ಇರದು. ಚಿತ್ರ ತೆಗೆದವನ ಹೆಸರು, ಪ್ರಕಟಿಸಿದವರ ಹೆಸರು, ಮುದ್ರಿಸಿದ ಊರಿನ ಹೆಸರು ಹಲವು ಕಾರ್ಡುಗಳಲ್ಲಿ ದೊರೆಯುತ್ತವೆ. ಚಿತ್ರದಲ್ಲಿ ನಿಂತವರ ಹೆಸರು ಮಾತ್ರ ವಿರಳ. ‘ನೇಕಾರ’, ‘ಹಿಂದೂ ಸ್ತ್ರೀ’, ‘ಶಾಲೆಯ ಬಾಲಕಿಯರು’ ಎಂಬಷ್ಟಕ್ಕೆ ಅವರ ಪರಿಚಯ ಮುಗಿಯಿತು. ಕ್ಯಾಮರಾದ ಮುಂದೆ ಕಣ್ಣು ಮಿಟುಕಿಸದೆ ನಿಂತ ಆ ಬಾಲಕಿ ಯಾರ ಅಜ್ಜಿಯೋ, ಯಾರ ಮುತ್ತಜ್ಜಿಯೋ! ಹೆಸರನ್ನು ಹೇಳಬಲ್ಲವರು ಇದ್ದಾಗ ಕೇಳಿದವರಿಲ್ಲ. ಇಂದು ಕೇಳುವವರಿದ್ದಾರೆ, ಹೇಳಬಲ್ಲವರು ಒಬ್ಬೊಬ್ಬರಾಗಿ ಅಗಲುತ್ತಿದ್ದಾರೆ.

೧೯೧೪ರಲ್ಲಿ ಮೊದಲ ಮಹಾಯುದ್ಧ ಸಿಡಿದಾಗ ಈ ದಾರಿ ತಟ್ಟನೆ ಕಡಿದುಹೋಯಿತು. ಜರ್ಮನ್ ಪ್ರಜೆಗಳಾದ ಮಿಷನರಿಗಳು ಶತ್ರುದೇಶದವರೆನಿಸಿದರು. ಹಲವರನ್ನು ಅಹಮದನಗರದ ಬಂದೀಶಿಬಿರದಲ್ಲಿರಿಸಲಾಯಿತು. ೧೯೧೫-೧೬ರಲ್ಲಿ ‘ಗೋಲ್ಕೊಂಡ’ ಎಂಬ ಹಡಗಿನಲ್ಲಿ ಬಹುಮಂದಿಯನ್ನು ಯೂರೋಪಕ್ಕೆ ಮರಳಿ ಕಳುಹಿಸಲಾಯಿತು. ಜರ್ಮನಿಯ ಬಣ್ಣದ ಕಾರ್ಡುಗಳಿಗೆ ಬ್ರಿಟಿಷ್ ಸಾಮ್ರಾಜ್ಯದ ಬಾಗಿಲು ಮುಚ್ಚಿತು. ೧೯೧೩ರ ಕಾರ್ಡಿನ ಪಕ್ಕದಲ್ಲಿ ೧೯೧೬ರ ಕಾರ್ಡನ್ನಿಟ್ಟು ನೋಡಿದರೆ ಅನೇಕ ವೇಳೆ ಇದು ಕಣ್ಣಿಗೇ ಕಾಣುತ್ತದೆ: ಬಣ್ಣ ಪೇಲವ, ಕಾಗದ ತೆಳು. ಯುದ್ಧದ ಕಾಲದ ಕಾರ್ಡಾದರೆ ಮೇಲೊಂದು ಪರಿಶೀಲನಾಧಿಕಾರಿಯ ಮುದ್ರೆಯೂ ಇರಬಹುದು. ಶಾಂತಿ ಕೋರುವ ಹಬ್ಬದ ಒಕ್ಕಣೆಯ ಮೇಲೆ ಯುದ್ಧದ ಮೊಹರು! ಇತಿಹಾಸದ ಪುಸ್ತಕ ಹತ್ತು ಪುಟಗಳಲ್ಲಿ ಹೇಳುವುದನ್ನು ಇಂಥ ಒಂದು ಕಾರ್ಡು ಒಂದು ನೋಟದಲ್ಲಿ ಹೇಳುತ್ತದೆ.

ರೇಲ್ವೆಯವರ ಹಬ್ಬ

ಸದರ್ನ್ ಮರಾಠಾ ರೇಲ್ವೆ ಕಂಪನಿ ಸ್ಥಾಪನೆಯಾದುದು ೧೮೮೨ರಲ್ಲಿ. ಹುಬ್ಬಳ್ಳಿಯಲ್ಲಿ ಅದರ ಕಾರ್ಖಾನೆ ಆರಂಭವಾದುದು ೧೮೮೫ರಲ್ಲಿ. ಹತ್ತಿಯ ಪೇಟೆಯಾಗಿದ್ದ ಹುಬ್ಬಳ್ಳಿ ಇಂಜಿನ್ನುಗಳ ಊರೂ ಆಯಿತು. ಡ್ರೈವರ್, ಗಾರ್ಡ್, ಫೋರ್ಮನ್ ಹುದ್ದೆಗಳಲ್ಲಿ ಬ್ರಿಟಿಷರೂ ಆಂಗ್ಲೋ-ಇಂಡಿಯನ್ನರೂ ಬಂದು ನೆಲೆಸಿದರು. ಸಾಲು ಬಂಗಲೆಗಳು, ಇನ್‌ಸ್ಟಿಟ್ಯೂಟಿನ ನೃತ್ಯ, ಮನೆಯಲ್ಲಿ ಮಾಡಿದ ಕೇಕು, ಇವುಗಳೊಡನೆ ಕ್ರಿಸ್‌ಮಸ್ ಕಾರ್ಡೂ ಅವರ ಹಬ್ಬದ ಅನಿವಾರ್ಯ ಅಂಗವಾಗಿತ್ತು.

ಅಂದಿನ ಕಾರ್ಡಿನ ಪ್ರಯಾಣವನ್ನು ಊಹಿಸಿಕೊಳ್ಳಬೇಕು. ಹುಬ್ಬಳ್ಳಿಯಿಂದ ರೇಲ್ವೆ ಟಪಾಲಿನಲ್ಲಿ ಮುಂಬಯಿ. ಅಲ್ಲಿ ವಾರಕ್ಕೊಮ್ಮೆ ಹೊರಡುವ ಮೇಲ್ ಹಡಗು. ಏಡನ್, ಸುಯೆಜ್ ಕಾಲುವೆ, ಮೆಡಿಟರೇನಿಯನ್ ಸಮುದ್ರ. ಮುಂದೆ ಮತ್ತೆ ರೈಲು. ಲಂಡನ್ ಮುಟ್ಟಲು ಎರಡು ಮೂರು ವಾರಗಳಾದರೂ ಬೇಕು. ಆದುದರಿಂದ ಡಿಸೆಂಬರ ೨೫ಕ್ಕೆ ತಲುಪಬೇಕಾದ ಕಾರ್ಡನ್ನು ನವೆಂಬರ ಮುಗಿಯುವುದರೊಳಗೆ ಪೆಟ್ಟಿಗೆಗೆ ಹಾಕಬೇಕಾಗಿತ್ತು. ಒಂದು ಹಡಗು ತಪ್ಪಿದರೆ ಹಬ್ಬವೇ ತಪ್ಪಿದಂತೆ. ಶುಭಾಶಯವೆಂಬುದು ಗುಂಡಿಯೊತ್ತುವ ಕೆಲಸವಾಗಿರಲಿಲ್ಲ. ಒಂದು ತಿಂಗಳು ಮುಂಚಿತವಾಗಿ ಒಬ್ಬರನ್ನು ನೆನೆಯುವ ಕೆಲಸವಾಗಿತ್ತು.

ಸ್ವಾತಂತ್ರ್ಯದ ಅನಂತರ ಆಂಗ್ಲೋ-ಇಂಡಿಯನ್ ಕುಟುಂಬಗಳಲ್ಲಿ ಬಹಳಷ್ಟು ಇಂಗ್ಲೆಂಡ್, ಆಸ್ಟ್ರೇಲಿಯಾ, ಕೆನಡಾಗಳಿಗೆ ವಲಸೆ ಹೋದವು. ಹಡಗಿನಲ್ಲಿ ಒಯ್ಯಬಹುದಾದ ಸಾಮಾನಿಗೆ ಮಿತಿಯುಂಟು. ಪಿಯಾನೋ ಮಾರಾಟವಾಗುತ್ತದೆ, ಕುರ್ಚಿ ಮೇಜುಗಳಿಗೂ ಗಿರಾಕಿ ಸಿಗುತ್ತಾರೆ. ಹಳೆಯ ಕಾರ್ಡುಗಳ ಕಟ್ಟು ತೂಕಕ್ಕೆ ಹೋಗುತ್ತದೆ. ಊರು ಬಿಟ್ಟವರ ನೆನಪು ಊರಿನ ಸಾಲಿನಿಂದ ಅಳಿಸಿಹೋಗುವುದು ಹೀಗೆಯೇ.

ಎಳ್ಳುಬೆಲ್ಲದ ತಂಗಿ

ಕ್ರಿಸ್‌ಮಸ್ ಕಾರ್ಡಿಗೆ ಧಾರವಾಡದಲ್ಲಿ ಒಬ್ಬ ತಂಗಿ ಇದ್ದಾಳೆ. ಅಕ್ಕ ಬಂದುಹೋದ ಮೂರು ವಾರಕ್ಕೆ ಆಕೆ ಬರುತ್ತಿದ್ದಳು. ಅವಳೇ ಸಂಕ್ರಾಂತಿಯ ಶುಭಾಶಯ ಪತ್ರ.

ಉತ್ತರ ಕರ್ನಾಟಕದಲ್ಲಿಯೂ ಮಹಾರಾಷ್ಟ್ರದಲ್ಲಿಯೂ ಮಕರ ಸಂಕ್ರಮಣಕ್ಕೆ ದೂರದ ಬಂಧುಮಿತ್ರರಿಗೆ ಪತ್ರ ಕಳುಹಿಸುವ ರೂಢಿ ಬಹುಕಾಲ ನಡೆದುಬಂದಿತು. ಒಳಗೆ ನಾಲ್ಕು ಕಾಳು ಕುಸುರೆಳ್ಳು. ಹದವಾದ ಬೆಂಕಿಯ ಮೇಲೆ ಎಳ್ಳನ್ನಿಟ್ಟು, ಸಕ್ಕರೆ ಪಾಕವನ್ನು ಹನಿಹನಿಯಾಗಿ ಬಿಟ್ಟು, ಬೆರಳುಗಳಿಂದ ಆಡಿಸುತ್ತ ಆಡಿಸುತ್ತ ಕಾಳಿಗೆ ಮುಳ್ಳೆಬ್ಬಿಸುವ ತಾಯಂದಿರ ತಾಳ್ಮೆಯೇ ಆ ಲಕೋಟೆಯಲ್ಲಿ ಅಡಗಿರುತ್ತಿತ್ತು. ಎಳ್ಳುಬೆಲ್ಲದ ಹಾಗೆ ಕೂಡಿರೋಣ ಎಂಬುದು ಒಕ್ಕಣೆಯ ಸಾರ. ಪಡೆದವರು ಕಾರ್ಡನ್ನು ನೋಡುವ ಮೊದಲು ಲಕೋಟೆಯನ್ನು ಅಂಗೈಯಲ್ಲಿ ಕೊಡವುವರು!

ಈ ಪತ್ರಗಳ ರೂಪ ಕ್ರಿಸ್‌ಮಸ್ ಕಾರ್ಡಿನಿಂದ ಬಂದುದು. ಒಳಗಿನ ಜೀವ ಈ ನೆಲದ್ದು. ಬಣ್ಣದ ಮುದ್ರಣವೂ ಜರ್ಮನಿಯ ಋಣವನ್ನೇ ಹೊತ್ತಿತ್ತು. ರಾಜಾ ರವಿವರ್ಮನು ೧೮೯೪ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ಮುದ್ರಣಾಲಯದ ಯಂತ್ರಗಳೂ ನಿಪುಣರೂ ಜರ್ಮನಿಯಿಂದ ಬಂದಿದ್ದರು. ಮುಂದೆ ಅದು ಲೋಣಾವಳೆಯ ಬಳಿಗೆ ಸ್ಥಳಾಂತರಗೊಂಡು, ಫ್ರಿಟ್ಜ್ ಶ್ಲೈಖರ್ ಎಂಬ ಜರ್ಮನ್ ತಂತ್ರಜ್ಞನ ಒಡೆತನಕ್ಕೆ ಹೋಯಿತು. ಮನೆಮನೆಯ ಗೋಡೆಗಳ ಮೇಲೆ ಲಕ್ಷ್ಮೀ ಸರಸ್ವತಿಯರನ್ನು ತಂದ ಆ ಮುದ್ರಣಾಲಯ ಚಿತ್ರಕಾರ್ಡುಗಳನ್ನೂ ಹೊರಡಿಸಿತು. ೧೯೭೨ರಲ್ಲಿ ಅದು ಬೆಂಕಿಗೆ ಆಹುತಿಯಾಯಿತು. ಅಲ್ಲಿ ಅಚ್ಚಾದ ಕಾರ್ಡುಗಳು ಮಾತ್ರ ಯಾರ ಯಾರದೋ ಟ್ರಂಕುಗಳಲ್ಲಿ ಉಳಿದವು. ಆದುದರಿಂದ ಹುಬ್ಬಳ್ಳಿ-ಧಾರವಾಡದಲ್ಲಿ ಸಂಗ್ರಹಕ್ಕೆ ತೊಡಗುವವರು ಕ್ರಿಸ್‌ಮಸ್ ಕಾರ್ಡುಗಳ ಪಕ್ಕದಲ್ಲಿಯೇ ಸಂಕ್ರಾಂತಿಯ ಪತ್ರಗಳಿಗೂ ಸ್ಥಳವಿಡಬೇಕು. ಮೊದಲಿನವು ವಿದೇಶಗಳಲ್ಲಿ ಬೇಕಾದಷ್ಟು ಸಿಗುತ್ತವೆ. ಎರಡನೆಯವನ್ನು ಇಲ್ಲಿಯವರು ಕಾಪಾಡದಿದ್ದರೆ ಬೇರೆ ಯಾರೂ ಕಾಪಾಡುವುದಿಲ್ಲ.

ಹಳೆಯದನ್ನು ಗುರುತಿಸುವ ಬಗೆ

ಹೊಳೆಯುವುದೆಲ್ಲ ಬಂಗಾರವಲ್ಲ, ಹಳದಿಯಾದುದೆಲ್ಲ ಹಳೆಯದಲ್ಲ. ಚಹದ ನೀರಿನಲ್ಲಿ ಅದ್ದಿ ಹೊಸ ಕಾರ್ಡಿಗೆ ಮುಪ್ಪು ತರುವವರುಂಟು. ಆದುದರಿಂದ ಕೆಲವು ಪರೀಕ್ಷೆಗಳು ಅವಶ್ಯ.

ಮೊದಲು ಹಿಂಬದಿಯನ್ನು ನೋಡಬೇಕು. ನಡುಗೆರೆಯಿಲ್ಲದಿದ್ದರೆ ಕಾರ್ಡು ಬಹುತೇಕ ೧೯೦೭ಕ್ಕಿಂತ ಹಿಂದಿನದು. ಅನಂತರ ಸ್ಟಾಂಪು. ಭಾರತದ ಸ್ಟಾಂಪುಗಳಲ್ಲಿ ಏಳನೆಯ ಎಡ್ವರ್ಡನ ತಲೆಯಿದ್ದರೆ ೧೯೦೨ರಿಂದೀಚಿನದು. ಐದನೆಯ ಜಾರ್ಜನದಾದರೆ ೧೯೧೧ರಿಂದೀಚಿನದು. ಆರನೆಯ ಜಾರ್ಜನದಾದರೆ ೧೯೩೭ರಿಂದೀಚಿನದು. ಬೆಲೆ ಆಣೆಯಲ್ಲಿದ್ದರೆ ೧೯೫೭ರ ಏಪ್ರಿಲ್ ೧ರಂದು ನಯೇ ಪೈಸೆ ಬರುವುದಕ್ಕೆ ಮುಂಚಿನ ಸ್ಟಾಂಪೆಂದು ತಿಳಿಯಬೇಕು.

ಮೂರನೆಯದು ಟಪಾಲಿನ ಮುದ್ರೆ. ಹಳೆಯ ಕಾರ್ಡುಗಳಲ್ಲಿ ಹೊರಟ ಊರಿನದೊಂದು, ತಲುಪಿದ ಊರಿನದೊಂದು, ಹೀಗೆ ಎರಡು ಮುದ್ರೆಗಳಿರುವುದುಂಟು. ಪ್ರಯಾಣದ ದಿನಗಳನ್ನು ಎಣಿಸಬಹುದು. ಊರಿನ ಹೆಸರಿನ ಕಾಗುಣಿತವೂ ಸಾಕ್ಷಿ ಹೇಳುತ್ತದೆ. ಇಂಗ್ಲಿಷರ ನಾಲಿಗೆಯಲ್ಲಿ ಧಾರವಾಡ ‘ಧಾರ್ವಾರ್’ ಆಗಿತ್ತು. ಹುಬ್ಬಳ್ಳಿ ‘ಹುಬ್ಲಿ’ಯಾಗಿ, ೨೦೧೪ರ ನವೆಂಬರ ೧ರಂದು ಮತ್ತೆ ಅಧಿಕೃತವಾಗಿ ಹುಬ್ಬಳ್ಳಿಯಾಯಿತು. ವಿಳಾಸದಲ್ಲಿ ‘ಬಾಂಬೆ ಪ್ರೆಸಿಡೆನ್ಸಿ’ ಎಂದಿದ್ದರೆ ಅದು ಕರ್ನಾಟಕ ಏಕೀಕರಣಕ್ಕೆ ಬಹಳ ಹಿಂದಿನ ಕಾರ್ಡು. ಒಂದು ನಾಡು ಹರಿದು ಹಂಚಿಹೋಗಿದ್ದ ಕಥೆಯನ್ನು ಕಾರ್ಡಿನ ಬಲಮಗ್ಗುಲು ಮೂರು ಸಾಲುಗಳಲ್ಲಿ ಹೇಳುತ್ತದೆ.

ನಾಲ್ಕನೆಯದಾಗಿ ಭೂತಗನ್ನಡಿ. ಕಲ್ಲಚ್ಚಿನ ಬಣ್ಣದಲ್ಲಿ ಚುಕ್ಕೆಗಳು ಕೈಯಿಂದ ಹಾಕಿದಂತೆ ಅಡ್ಡಾದಿಡ್ಡಿಯಾಗಿರುತ್ತವೆ. ಹೊಸ ನಕಲಿನಲ್ಲಿ ಅವು ಪಡೆಯ ಸಿಪಾಯಿಗಳಂತೆ ಸಮಸಾಲಿನಲ್ಲಿ ನಿಂತಿರುತ್ತವೆ. ಚುಕ್ಕೆಯೇ ಇಲ್ಲದಿದ್ದರೆ ಅದು ನಿಜವಾದ ಛಾಯಾಚಿತ್ರ. ನೋಟುಗಳನ್ನು ಪರೀಕ್ಷಿಸುವ ನೇರಳಾತೀತ ದೀಪವೂ ನೆರವಾಗುತ್ತದೆ. ಸುಮಾರು ೧೯೫೦ರ ಅನಂತರ ಕಾಗದಕ್ಕೆ ಬಿಳುಪು ಹೆಚ್ಚಿಸುವ ರಾಸಾಯನಿಕಗಳನ್ನು ಬೆರೆಸತೊಡಗಿದರು. ಅಂಥ ಕಾಗದ ಆ ದೀಪದಡಿಯಲ್ಲಿ ನೀಲಿಬಿಳುಪಾಗಿ ಹೊಳೆಯುತ್ತದೆ. ಹಳೆಯ ಕಾಗದ ಮಂಕಾಗಿಯೇ ಇರುತ್ತದೆ.

ಸಾಂತಾ ಕ್ಲಾಸನ ಅಂಗಿಯನ್ನೂ ಗಮನಿಸಬೇಕು. ಇಂದು ಆತನು ಕೆಂಪಂಗಿಯಿಲ್ಲದೆ ಹೊರಗೆ ಬರುವುದಿಲ್ಲ. ಹಳೆಯ ಕಾರ್ಡುಗಳಲ್ಲಾದರೋ ಆತನಿಗೆ ಹಸಿರು, ನೀಲಿ, ಕಂದು, ನೇರಳೆ ಹೀಗೆ ಬಗೆಬಗೆಯ ನಿಲುವಂಗಿಗಳಿದ್ದವು. ದೇಹವೂ ಕೃಶ, ಮುಖವೂ ಗಂಭೀರ. ೧೯೩೧ರಿಂದ ಕೋಕಾ-ಕೋಲಾ ಕಂಪನಿಯ ಜಾಹೀರಾತುಗಳಿಗಾಗಿ ಹ್ಯಾಡನ್ ಸಂಡ್‌ಬ್ಲಾಮ್ ಎಂಬ ಕಲಾವಿದನು ಬರೆದ ಗುಂಡುಹೊಟ್ಟೆಯ ನಗುಮುಖದ ಮುದುಕ ಮಿಕ್ಕವರನ್ನೆಲ್ಲ ಹಿಂದೆ ಸರಿಸಿದನು. ಕೆಂಪಲ್ಲದ ಅಂಗಿಯ ಸಾಂತಾನಿಗೆ ಸಂಗ್ರಾಹಕರು ಹೆಚ್ಚು ಬೆಲೆ ಕೊಡುತ್ತಾರೆ. ಬೆಳಕಿಗೆ ಹಿಡಿದರೆ ಕಿಟಕಿಗಳು ಬೆಳಗುವ ಕಾರ್ಡುಗಳು, ರೇಷ್ಮೆ ಅಂಟಿಸಿದವು, ಲಂಡನ್ನಿನ ರಾಫೆಲ್ ಟಕ್ ಕಂಪನಿಯವು, ಎಲೆನ್ ಕ್ಲಾಪ್‌ಸ್ಯಾಡಲ್ ಎಂಬ ಅಮೇರಿಕದ ಚಿತ್ರಕಾರ್ತಿ ಬರೆದ ಮಕ್ಕಳ ಚಿತ್ರಗಳು, ಇವೆಲ್ಲ ಬೇಡಿಕೆಯುಳ್ಳವು. ೧೯೪೦ರ ಡಿಸೆಂಬರ ೨೯ರ ಬಾಂಬುದಾಳಿಯಲ್ಲಿ ಟಕ್ ಕಂಪನಿಯ ಕಟ್ಟಡವೂ ದಾಖಲೆಗಳೂ ಸುಟ್ಟುಹೋದುದರಿಂದ, ಆ ಕಂಪನಿಯ ಇತಿಹಾಸವನ್ನು ಬರೆಯುವವರಿಗೆ ಸಂಗ್ರಾಹಕರ ಆಲ್ಬಮ್ಮುಗಳೇ ಮುಖ್ಯ ಆಧಾರವಾದವು. ಹವ್ಯಾಸವೆಂದು ಜನ ನಕ್ಕ ಕೆಲಸ ಕೊನೆಗೆ ದಾಖಲೆಯಾಗಿ ನಿಂತಿತು.

ಕಾಪಾಡುವ ಕ್ರಮ

ಧಾರವಾಡದ ಮಳೆಗಾಲ ಕಾಗದದ ವೈರಿ. ಜೂನಿನಿಂದ ಸೆಪ್ಟೆಂಬರದವರೆಗೆ ಗೋಡೆಯೂ ಕಪಾಟೂ ತೇವ ಕುಡಿಯುತ್ತವೆ, ಬೂಷ್ಟು ಹತ್ತುತ್ತದೆ, ಬೆಳ್ಳಿಮೈಯ ಕಾಗದದ ಹುಳುಗಳು ಅಂಟನ್ನು ಅರಸಿ ಬರುತ್ತವೆ. ಕಾರ್ಡುಗಳನ್ನು ಹೊರಗೋಡೆಗೆ ತಾಗಿದ ಕಪಾಟಿನಲ್ಲಿಡಬಾರದು, ನೆಲದ ಮೇಲಿಡಬಾರದು. ಮಳೆ ನಿಂತ ಮೇಲೆ ಒಣ ಹವೆಯ ದಿನ ಹೊರತೆಗೆದು, ನೆರಳಿನಲ್ಲಿ ಗಾಳಿಗೆ ಹರವಿ, ಮೆತ್ತನೆಯ ಕುಂಚದಿಂದ ಧೂಳು ತೆಗೆಯಬೇಕು. ಬಿಸಿಲಿಗೆ ಒಡ್ಡಿದರೆ ಬಣ್ಣ ಹಾರಿಹೋಗುತ್ತದೆ.

ಅಂಟು, ಗೋಂದು, ಸೆಲ್ಲೋಟೇಪು, ಲ್ಯಾಮಿನೇಶನ್ ಇವು ನಾಲ್ಕೂ ನಿಷಿದ್ಧ. ಅಗ್ಗದ ಪಿ.ವಿ.ಸಿ. ಚೀಲಗಳು ಕಾಲಾಂತರದಲ್ಲಿ ಕಾಗದವನ್ನು ಕೆಡಿಸುತ್ತವೆ. ಪಾಲಿಯೆಸ್ಟರ್ ಹಾಳೆಯ ಚೀಲ ಇಲ್ಲವೆ ಆಮ್ಲರಹಿತ ಕಾಗದದ ಲಕೋಟೆ ಒಳ್ಳೆಯದು. ಎಲ್ಲಿ ದೊರೆಯಿತು, ಯಾರು ಕೊಟ್ಟರು ಎಂಬುದನ್ನು ಕಾರ್ಡಿನ ಮೇಲೆ ಬರೆಯದೆ, ಬೇರೆ ಚೀಟಿಯ ಮೇಲೆ ಪೆನ್ಸಿಲಿನಿಂದ ಬರೆದು ಜೊತೆಗಿಡಬೇಕು.

ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ ಒಂದುಂಟು. ಸ್ಟಾಂಪಿನ ಆಸೆಗಾಗಿ ಕಾರ್ಡನ್ನು ನೀರಿನಲ್ಲಿ ನೆನೆಸಬಾರದು, ಮೂಲೆಯನ್ನು ಕತ್ತರಿಸಬಾರದು. ಕಾಲಾಣೆಯ ಸ್ಟಾಂಪು ಲಕ್ಷಗಟ್ಟಲೆ ಉಳಿದಿದೆ. ಹುಬ್ಬಳ್ಳಿಯ ಮುದ್ರೆಯೊಡನೆ, ದಿನಾಂಕದೊಡನೆ, ಒಕ್ಕಣೆಯೊಡನೆ ಪೂರ್ಣವಾಗಿರುವ ಕಾರ್ಡು ಒಂದೇ ಒಂದು. ಶಾಲೆಯ ಹುಡುಗರ ಸ್ಟಾಂಪಿನ ಹುಚ್ಚಿನಲ್ಲಿ ಕಿವಿ ಕತ್ತರಿಸಿಕೊಂಡ ಕಾರ್ಡುಗಳಿಗೆ ಲೆಕ್ಕವಿಲ್ಲ. ಬೆಂಗಳೂರಿನಲ್ಲಿ ಅಂಚೆಚೀಟಿ ಸಂಗ್ರಾಹಕರ ಸಂಘವಿದೆ, ರಾಜ್ಯಮಟ್ಟದ ‘ಕರ್ನಾಪೆಕ್ಸ್’ ಪ್ರದರ್ಶನಗಳೂ ನಡೆದಿವೆ. ಅನುಭವಿಗಳ ಸಲಹೆ ಪಡೆಯಲಿಚ್ಛಿಸುವ ತರುಣರಿಗೆ ದಾರಿಯಿದೆ.

ಬೆಲೆಯೋ, ಋಣವೋ?

ಹಳೆಯ ಕಾರ್ಡಿಗೆ ಈಗ ಪೇಟೆ ಬಂದಿದೆ. ಮುಂಬಯಿಯ ಚೋರ್ ಬಜಾರಿನಿಂದ ಅಂತರ್ಜಾಲದ ಹರಾಜುಗಳವರೆಗೆ ವ್ಯಾಪಾರ ನಡೆಯುತ್ತದೆ. ೨೦೧೮ರಲ್ಲಿ ಒಮರ್ ಖಾನ್ ಅವರು ಬ್ರಿಟಿಷ್ ಭಾರತದ ಚಿತ್ರಕಾರ್ಡುಗಳ ಬಗ್ಗೆ ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು. ಅದೇ ವರ್ಷ ಲಂಡನ್ನಿನಲ್ಲಿ ಮದರಾಸು ಮತ್ತು ಬೆಂಗಳೂರುಗಳ ಹಳೆಯ ಕಾರ್ಡುಗಳ ಪ್ರದರ್ಶನ ಏರ್ಪಟ್ಟಿತು. ವಿದ್ವಾಂಸರು ಇವನ್ನು ನಗರಗಳ ಇತಿಹಾಸಕ್ಕೆ ಆಕರವೆಂದು ಮನ್ನಿಸತೊಡಗಿದ್ದಾರೆ.

ಆದರೆ ಬೆಲೆ ಬಂದೊಡನೆ ಒಂದು ಅಪಾಯವೂ ಬರುತ್ತದೆ. ವ್ಯಾಪಾರಿ ಕಾರ್ಡಿನ ಮುಖವನ್ನು ನೋಡುತ್ತಾನೆ. ಚಿತ್ರ ಚೆಂದವಿದ್ದರೆ ಕೊಳ್ಳುತ್ತಾನೆ, ಇಲ್ಲವಾದರೆ ಬಿಸುಡುತ್ತಾನೆ. ಒಂದೇ ಮನೆಗೆ ಮೂವತ್ತು ವರ್ಷ ಬಂದ ಕಾರ್ಡುಗಳ ಕಟ್ಟು ಹರಿದು ಮೂವತ್ತು ಕಡೆ ಹೋಗುತ್ತದೆ. ಆ ಕಟ್ಟು ಒಟ್ಟಾಗಿದ್ದಾಗ ಮಾತ್ರ ಅದರಲ್ಲಿ ಕಥೆಯಿದೆ: ಮೊದಲು ಇಬ್ಬರ ಹೆಸರು, 뒤에 ಮಕ್ಕಳ ಹೆಸರು, ಯುದ್ಧದ ವರ್ಷದ ಮೌನ, ಕೊನೆಗೆ ನಡುಗುವ ಕೈಯ ಒಂದೇ ಹೆಸರು. ಆದುದರಿಂದ ಮನೆಯಲ್ಲಿ ಇಂಥ ಕಟ್ಟು ದೊರೆತರೆ ಬಿಡಿಸಿ ಮಾರುವ ಮೊದಲು ಒಮ್ಮೆ ಅನುಕ್ರಮವಾಗಿ ಜೋಡಿಸಿ, ಎರಡೂ ಮಗ್ಗುಲುಗಳ ಚಿತ್ರ ತೆಗೆದಿರಿಸುವುದು ಲೇಸು. ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೆಸರುಗಳನ್ನು ಕೇಳಿ ಬರೆದುಕೊಳ್ಳುವುದು ಇನ್ನೂ ಲೇಸು. ಬೇರೆಯವರ ಮನೆಯ ಕಾರ್ಡು ಕೈಸೇರಿದರೆ, ಬದುಕಿರುವವರ ಮನಸ್ಸಿಗೆ ನೋವಾಗುವಂಥ ಸಂಗತಿಯನ್ನು ಪ್ರಕಟಿಸದಿರುವುದು ಸಂಗ್ರಾಹಕನ ಧರ್ಮ.

ಇಂದು ಶುಭಾಶಯಗಳು ಕ್ಷಣಮಾತ್ರದಲ್ಲಿ ಸಾಗರ ದಾಟುತ್ತವೆ. ಅದು ದುಃಖದ ಸಂಗತಿಯಲ್ಲ. ಹೆನ್ರಿ ಕೋಲನ ಕಾರ್ಡು ಕೂಡ ಅಂದು ಪತ್ರ ಬರೆಯುವ ಶ್ರಮವನ್ನು ಉಳಿಸಿದ ಉಪಾಯವೇ ಆಗಿತ್ತು. ಆದರೆ ಮೊಬೈಲಿನ ಶುಭಾಶಯ ಟ್ರಂಕಿನ ತಳದಲ್ಲಿ ನೂರು ವರ್ಷ ಕಾಯಲಾರದು. ಇರುವ ಕಾರ್ಡುಗಳೆಷ್ಟೋ ಅಷ್ಟೇ. ಇನ್ನು ಹೊಸದಾಗಿ ಹಳೆಯವು ಹುಟ್ಟಲಾರವು. ಮುಂದಿನ ದೀಪಾವಳಿಗೆ ಅಟ್ಟ ಗುಡಿಸುವಾಗ ರದ್ದಿಯ ಗಂಟನ್ನು ತಕ್ಕಡಿಗೆ ಹಾಕುವ ಮುನ್ನ ಒಮ್ಮೆ ಬಿಚ್ಚಿ ನೋಡಿದರೆ, ತೂಕಕ್ಕೆ ಎರಡು ರೂಪಾಯಿ ಕಡಿಮೆಯಾದೀತು. ಊರಿನ ನೆನಪಿಗೆ ಒಂದು ಪುಟ ಹೆಚ್ಚಾದೀತು.